ಏಪ್ರಿಲ್ ಚಾಟ್ನಿ

ಕಳೆದ ದೀಪಾವಳಿಯ ಹೊತ್ತಿಗೆ ಟಿಕೋಟದಿಂದ ತಮ್ಮ ಫೋನ್ ಮಾಡಿದ. ಹಬ್ಬದ ಮಾತು ಒಂದೂ ಆಡಲಿಲ್ಲ. "ಅಕ್ಕಾ, ಚಾಟ್ನಿ ಮಾಡಿ ಇಪ್ಪತ್ತು ದಿನ ಆತು. ಗೊನಿ ಕಾಣವಲ್ದು. ಬರೇ ಬಾಳಿ ಬಿಟ್ಟಾವ" ಅಂದ.

ಬಾಳಿ ಎಂದರೆ ಮರಾಠಿಯಲ್ಲಿ ಕಿವಿಯ ರಿಂಗು. ದ್ರಾಕ್ಷಿ ಬಳ್ಳಿ ತಂತಿಗೆ ಸುತ್ತಿಕೊಳ್ಳಲು ಬಿಡುವ ಸುರುಳಿ ಕುಡಿಗೂ ಮಹಾರಾಷ್ಟ್ರದ ರೈತರು ಅದೇ ಹೆಸರಿಟ್ಟಿದ್ದಾರೆ. ನಮ್ಮ ವಿಜಯಪುರದ ಕಡೆಗೆ ಸಾಂಗಲಿ, ಸೊಲ್ಲಾಪುರದಿಂದ ಕಡ್ಡಿ ಬಂತು, ಕತ್ತರಿ ಬಂತು, ಅವುಗಳ ಜೊತೆ ಮಾತೂ ಬಂತು. ಸವರುವುದಕ್ಕೆ 'ಛಾಟಣಿ' ಎನ್ನುವುದು ನಮ್ಮ ಬಾಯಲ್ಲಿ ಚಾಟ್ನಿ ಆಯಿತು. ಗೊಂಚಲು ಬರಬೇಕಾದ ಕಡೆ ಬಾಳಿ ಬಂದರೆ ಆ ವರ್ಷದ ಬೆಳೆ ಹೋಯಿತೆಂದೇ ಲೆಕ್ಕ. ಅಪ್ಪ ನೆಟ್ಟ ಮೂರು ಎಕರೆ ಥಾಮ್ಸನ್ ತೋಟ ಅದು. ಔಷಧಿಗೆ, ಆಳಿಗೆ ಸಾಲ ಮಾಡಿ ಆಗಿತ್ತು. ತಮ್ಮನಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ನಾನು ಆ ತೋಟದಲ್ಲೇ ಬೆಳೆದವಳು. ಫೆಬ್ರುವರಿಯ ಗೊಂಚಲು ನೋಡಿದ್ದೇನೆ, ಶೆಡ್ಡಿನ ಬಲೆಗಳ ಮೇಲೆ ಹಸಿರು ಕಾಳು ಒಣಗಿ ಮಣೂಕ ಆಗುವುದನ್ನು ನೋಡಿದ್ದೇನೆ. ಆದರೆ ಏಪ್ರಿಲ್ ನೋಡಿರಲಿಲ್ಲ. ಪರೀಕ್ಷೆ ಮುಗಿದ ಮರುದಿನವೇ ನಮ್ಮನ್ನು ಅಜ್ಜಿಯ ಊರಿಗೆ ಕಳಿಸುತ್ತಿದ್ದರು. ಜೂನ್‌ನಲ್ಲಿ ಶಾಲೆಗೆ ತಿರುಗಿ ಬಂದಾಗ ತೋಟ ಹಸಿರಾಗಿರುತ್ತಿತ್ತು. ನಡುವಿನ ಆ ಎರಡು ತಿಂಗಳಲ್ಲಿ ಅಲ್ಲಿ ಏನಾಗುತ್ತಿತ್ತು ಎಂದು ಅಪ್ಪನನ್ನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅಪ್ಪ ಇಲ್ಲ.

ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ತಮ್ಮನ ತಲೆಗೆ ಇನ್ನೊಂದು ಯೋಚನೆಯೂ ಹೊಕ್ಕಿತ್ತು: ಥಾಮ್ಸನ್ ತೆಗೆದು ವೈನ್ ದ್ರಾಕ್ಷಿ ಹಾಕಿದರೆ ಹೇಗೆ? "ನೀ ಅಲ್ಲೇ ಅದಿ, ಯಾರನ್ನರ ಕೇಳು" ಅಂದಿದ್ದ. ಪರಿಚಯದವರ ಮೂಲಕ ನಾರಾಯಣಗಾವ್ ಹತ್ತಿರದ ಒಂದು ಕುಟುಂಬದ ನಂಬರು ಸಿಕ್ಕಿತು. ಆರು ಎಕರೆ ತೋಟ, ಮನೆಯ ಹಿಂದೆಯೇ ಸಣ್ಣದೊಂದು ವೈನರಿ. ಯಾವಾಗ ಬರಲಿ ಎಂದು ಕೇಳಿದೆ. ಎಲ್ಲರೂ ಫೆಬ್ರುವರಿಯಲ್ಲಿ ಬರುತ್ತಾರೆ, ಹಣ್ಣು ಕೊಯ್ದು ತುಳಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ನೀವು ಕಲಿಯಬೇಕೆಂದಿದ್ದರೆ ಏಪ್ರಿಲ್‌ಗೆ ಬನ್ನಿ ಎಂದರು ಆ ಮನೆಯ ಯಜಮಾನಿ. ಅವರನ್ನು ನಾನು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆದೆ. ಅವರು ನನ್ನನ್ನು 'ತಾಯಿ' ಎಂದರು. ಮರಾಠಿಯಲ್ಲಿ ಅದು ಅಕ್ಕನನ್ನು ಕರೆಯುವ ಮಾತು. ಇಷ್ಟು ವರ್ಷ ಇಲ್ಲಿದ್ದರೂ ಹಾಗೆ ಕರೆದಾಗಲೆಲ್ಲ ನನಗೆ ಮೊದಲು ಅವ್ವನೇ ನೆನಪಾಗುತ್ತಾಳೆ.

ಪುಣೆಯಿಂದ ನಾಸಿಕ್ ರಸ್ತೆ ಹಿಡಿದರೆ ಚಾಕಣ್, ರಾಜಗುರುನಗರ, ಮಂಚರ್ ದಾಟಿ ನಾರಾಯಣಗಾವ್. ಎಪ್ಪತ್ತೈದು ಕಿಲೋಮೀಟರ್ ಆಸುಪಾಸು. ಚಾಕಣ್ ಕಾರ್ಖಾನೆಗಳ ಲಾರಿಗಳಿಂದ ಬಿಡಿಸಿಕೊಳ್ಳುವುದೇ ಒಂದು ಕೆಲಸ. ಅಲ್ಲಿಂದ ಮುಂದೆ ಗಾಳಿ ಬದಲಾಗುತ್ತದೆ. ನಾರಾಯಣಗಾವ್ ತಮಾಷಾದ, ಅಂದರೆ ಮರಾಠಿ ಜನಪದ ನಾಟಕದ ಊರು. ತಮಾಷಾ ಕಲಾವಿದೆ ವಿಠಾಬಾಯಿ ನಾರಾಯಣಗಾವ್‌ಕರ್ ಊರಿನ ಹೆಸರನ್ನು ತಮ್ಮ ಹೆಸರಿನ ಜೊತೆ ಇಡೀ ಮಹಾರಾಷ್ಟ್ರಕ್ಕೆ ಒಯ್ದರು. ಯುಗಾದಿಯ ಆಸುಪಾಸಿನಲ್ಲಿ ತಮಾಷಾ ತಂಡಗಳು ಇಲ್ಲಿ ರಾಹುಟಿ ಹಾಕಿ ಕೂರುತ್ತವೆ, ಊರೂರಿನ ಪಂಚರು ಬಂದು ತಮ್ಮ ಜಾತ್ರೆಗೆ ತಂಡ ಗೊತ್ತುಮಾಡಿಕೊಂಡು ಹೋಗುತ್ತಾರೆ. ನಾನು ಹೋದಾಗಲೂ ರಾಹುಟಿಗಳು ಇದ್ದವು. ನಿಲ್ಲುವಷ್ಟು ಹೊತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಚಾಟ್ನಿ ಶುರು, ಹನ್ನೊಂದಕ್ಕೆಲ್ಲ ಬಿಸಿಲು ಏರುತ್ತದೆ, ಅಷ್ಟರೊಳಗೆ ಬನ್ನಿ ಎಂದಿದ್ದರು.

ಈ ಜುನ್ನರ್ ತಾಲೂಕಿಗೂ ವೈನಿಗೂ ನಂಟು ಹಳೆಯದು. ಹತ್ತಿರದ ನಾಣೇಘಾಟ್ ಸಾತವಾಹನರ ಕಾಲದ ವ್ಯಾಪಾರದ ಕಣಿವೆ. ಕೊಂಕಣದ ಬಂದರುಗಳಿಂದ ಸರಕು ಆ ದಾರಿಯಲ್ಲೇ ಘಟ್ಟ ಹತ್ತುತ್ತಿತ್ತು. ಜುನ್ನರಿನ ಗುಹೆಗಳಲ್ಲಿ ದಾನ ಕೊಟ್ಟ ಯವನರ ಹೆಸರುಗಳಿವೆ. ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ಪಶ್ಚಿಮ ಕರಾವಳಿಯ ಭರೂಚ್ ಬಂದರಿಗೆ ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಇಟಲಿಯ ವೈನನ್ನು ಹೆಸರಿಸುತ್ತದೆ. ಅದನ್ನು ತುಂಬಿ ತರುತ್ತಿದ್ದ ಮಣ್ಣಿನ ಜಾಡಿಗಳ ಚೂರುಗಳು ನೆವಾಸೆಯ ಉತ್ಖನನದಲ್ಲಿ ಸಿಕ್ಕಿವೆ. ಹೀಗೆ ಹೊರಗಿನಿಂದ ಬರುತ್ತಿದ್ದದ್ದು ಇಲ್ಲಿಯೇ ತಯಾರಾಗತೊಡಗಿದ್ದು 1980ರ ದಶಕದಲ್ಲಿ. ಶ್ಯಾಮರಾವ್ ಚೌಗುಲೆ ಫ್ರಾನ್ಸಿನ ಶಾಂಪೇನ್ ಸಂಸ್ಥೆ ಪೈಪರ್ ಹೈಡ್ಸಿಕ್ ತಜ್ಞರ ನೆರವಿನಿಂದ ನಾರಾಯಣಗಾವ್‌ನಲ್ಲಿ ನೊರೆಯುಕ್ಕುವ ವೈನ್ ತೆಗೆದು 'ಒಮರ್ ಖಯ್ಯಾಮ್' ಹೆಸರಿನಲ್ಲಿ ಯುರೋಪಿಗೂ ಕಳಿಸಿದರು. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ಕಂವಲ್ ಗ್ರೋವರ್ ವೈನ್ ದ್ರಾಕ್ಷಿ ನೆಟ್ಟದ್ದೂ ಅದೇ ದಶಕದಲ್ಲಿ.

ವಹಿನಿಯ ತೋಟ ಮುಟ್ಟಿದಾಗ ಆರೂಕಾಲು. ಪೂರ್ವಕ್ಕೆ ಖೋಡದ್ ಕಡೆಯ ರೇಡಿಯೊ ದೂರದರ್ಶಕದ ದೊಡ್ಡ ತಟ್ಟೆಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. 45 ಮೀಟರ್ ಅಗಲದ ಅಂಥ 30 ತಟ್ಟೆಗಳು ಈ ಸೀಮೆಯ ಹೊಲಗಳ ನಡುವೆ ಹರಡಿವೆ. ತಟ್ಟೆಗಳ ಕೆಳಗೆ ಕಬ್ಬು, ಟೊಮೆಟೊ, ದ್ರಾಕ್ಷಿ. ಸಾಲುಗಳ ನಡುವೆ ಕತ್ತರಿಯ ಕಟಕ್ ಕಟಕ್ ಬಿಟ್ಟರೆ ಬೇರೆ ಸದ್ದಿಲ್ಲ.

ಹನ್ನೆರಡು ಮಂದಿಯ ಗುಂಪು. ನಾಸಿಕ್ ಜಿಲ್ಲೆಯ ಸುರಗಾಣಾ ಕಡೆಯ ಆದಿವಾಸಿ ಕುಟುಂಬಗಳು. ಗಂಡ ಹೆಂಡತಿ ಎದುರು ಬದುರು ಸಾಲು ಹಿಡಿದು ಹೋಗುತ್ತಾರೆ. ಎರಡು ತಿಂಗಳ ಹಿಂದೆ ಹಣ್ಣು ಹೊತ್ತ ಕಡ್ಡಿಗಳನ್ನು ಬುಡದಲ್ಲಿ ಒಂದೇ ಒಂದು ಕಣ್ಣು ಉಳಿಸಿ ಕತ್ತರಿಸುತ್ತಾರೆ. ಅವರ ಹಿಂದೆ ಉಳಿಯುವುದು ಕಾಂಡ, ತಂತಿಯ ಉದ್ದಕ್ಕೆ ಚಾಚಿದ ಎರಡು ತೋಳು, ತೋಳಿನ ಮೇಲೆ ಬೆರಳಿನ ಗೆಣ್ಣಿನಂಥ ತುಂಡುಗಳು. ಮರಾಠಿಯಲ್ಲಿ ಇದಕ್ಕೆ ಖರಡ್ ಛಾಟಣಿ ಎನ್ನುತ್ತಾರೆ. ಖರಡ್ ಎಂದರೆ ಕೆರೆದು ಹಾಕುವುದು. ನೋಡಿದರೆ ಹಾಗೆಯೇ ಕಾಣುತ್ತದೆ. ಹಸಿರು ತೋಟ ನಾಲ್ಕು ತಾಸಿನಲ್ಲಿ ಬೋಳಾಯಿತು. ಕತ್ತರಿಸಿದ ಬಾಯಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಟ್ಟಿ ನಾಲಗೆಗೆ ಹಚ್ಚಿಕೊಂಡೆ. ರುಚಿಯೇ ಇರಲಿಲ್ಲ.

ಫ್ರಾನ್ಸ್, ಇಟಲಿಗಳಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ. ಮಲಗಿದ್ದಾಗ ಒಮ್ಮೆ ಸವರುತ್ತಾರೆ. ವರ್ಷಕ್ಕೆ ಒಂದೇ ಚಾಟ್ನಿ, ಒಂದೇ ಬೆಳೆ. ದಖ್ಖನಿನಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಇಲ್ಲ. ಬಿಟ್ಟರೆ ಅದು ಬೆಳೆಯುತ್ತಲೇ ಹೋಗಿ, ಎಲೆ ದಟ್ಟವಾಗಿ, ಹಣ್ಣು ಕೊಡುವುದನ್ನು ಮರೆಯುತ್ತದೆ. ಅದಕ್ಕೇ ಇಲ್ಲಿ ಎರಡು ಚಾಟ್ನಿ, ಒಂದು ಬೆಳೆ. ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರಿನದು ಹಣ್ಣಿಗೆ. ಬೆಂಗಳೂರು ಸುತ್ತಿನ ಬೆಂಗಳೂರು ನೀಲಿ ತಳಿಯ ಲೆಕ್ಕ ಬೇರೆ. ಅದು ಎರಡು ಚಾಟ್ನಿಗೆ ಎರಡು ಬೆಳೆ ಕೊಡುತ್ತದೆ.

ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ತೋರಿಸಿದವಳು ವಹಿನಿಯ ಮಗಳು. ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟಿನಲ್ಲಿ ವೈನ್ ತಂತ್ರಜ್ಞಾನ ಓದಿ ಬಂದ ಹುಡುಗಿ. ನೆಲಕ್ಕೆ ಬಿದ್ದ ಕಡ್ಡಿಗಳಲ್ಲಿ ಒಂದನ್ನು ಆರಿಸಿ, ಚಿಗುರದೆ ಉಳಿದಿದ್ದ ಒಂದು ಕಣ್ಣನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ, ವರಾಂಡದಲ್ಲಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟಳು. "ಮಾವಶೀ, ನೋಡಿ" ಎಂದಳು. ಕಂದು ರೋಮಗಳ ನಡುವೆ ತಿಳಿ ಹಸಿರಿನದೊಂದು ಗಂಟು. ಹೂಕೋಸಿನ ಸಣ್ಣ ಚೂರಿನಂತೆ ಉಬ್ಬುಬ್ಬಾಗಿತ್ತು. ಅದು ಗೊಂಚಲು ಎಂದಳು. ಹೂವಲ್ಲ, ಕಾಯಲ್ಲ, ಕಣ್ಣಿನೊಳಗೆ ಮಡಚಿಟ್ಟ ಇಡೀ ಗೊಂಚಲು. ಎರಡನೆಯ ಕಣ್ಣು ಸೀಳಿದಳು. ಅದರೊಳಗೆ ಉಬ್ಬುಗಳಿಲ್ಲದ ಬರಿಯ ಮೊನೆ. ಇದು ಬಾಳಿ ಎಂದಳು.

ನಾನು ಕುರ್ಚಿಯಲ್ಲಿ ಕೂತೇಬಿಟ್ಟೆ.

ಬಾಳಿಯೂ ಗೊಂಚಲೂ ಹುಟ್ಟುವುದು ಒಂದೇ ಮೊಳಕೆಯಿಂದ. ಏಪ್ರಿಲ್ ಚಾಟ್ನಿಯಾದ ಮೇಲೆ ಚಿಗುರು ಓಡುತ್ತದೆ, ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ಕೂರುತ್ತದೆ. ಸುಮಾರು ನಲವತ್ತನೆಯ ದಿನದಿಂದ ಅರವತ್ತನೆಯ ದಿನದೊಳಗೆ ಆ ಕಣ್ಣಿನೊಳಗಿನ ಮೊಳಕೆ ತಾನು ಏನಾಗಬೇಕೆಂದು ತೀರ್ಮಾನಿಸುತ್ತದೆ. ಬಿಸಿಲು ಬಿದ್ದು, ಎಲೆ ಆಹಾರ ಕೂಡಿಟ್ಟು, ಚಿಗುರಿನ ಓಟ ಹಿಡಿತದಲ್ಲಿದ್ದರೆ ಗೊಂಚಲು. ಮೋಡ ಕವಿದರೆ, ಕಡ್ಡಿ ದಟ್ಟವಾಗಿ ಒಂದಕ್ಕೊಂದು ನೆರಳಾದರೆ, ನೀರು ಗೊಬ್ಬರ ಹೆಚ್ಚಾಗಿ ಚಿಗುರು ಹುಚ್ಚೆದ್ದು ಬೆಳೆದರೆ ಬಾಳಿ. ಆಮೇಲೆ ಅಕ್ಟೋಬರಿನಲ್ಲಿ ಎಷ್ಟು ಔಷಧಿ ಹೊಡೆದರೂ ಇಲ್ಲದ ಗೊಂಚಲು ಬಾರದು. ಅದಕ್ಕಾಗಿಯೇ ಅಕ್ಟೋಬರ್ ಚಾಟ್ನಿಗೆ ಮುನ್ನ ತಿಳಿದ ರೈತರು 'ಕಾಡಿ ತಪಾಸಣಿ' ಮಾಡಿಸುತ್ತಾರೆ. ತೋಟದ ಅಲ್ಲಲ್ಲಿಂದ ಕಡ್ಡಿ ಆರಿಸಿ ಪ್ರಯೋಗಾಲಯಕ್ಕೆ ಕೊಟ್ಟು, ಎಷ್ಟನೆಯ ಕಣ್ಣಿನಲ್ಲಿ ಗೊಂಚಲಿದೆ ಎಂದು ಕೇಳಿಕೊಂಡು ಅಲ್ಲಿಗೇ ಕತ್ತರಿ ಇಡುತ್ತಾರೆ.

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಹಿಂದಿನ ವರ್ಷ ತಮ್ಮನ ಚಾಟ್ನಿ ಏಪ್ರಿಲ್ 10ರ ಆಸುಪಾಸು. ಅಲ್ಲಿಂದ ನಲವತ್ತು ದಿನ ಎಂದರೆ ಮೇ 20. ಅರವತ್ತು ಎಂದರೆ ಜೂನ್ 9. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬೈ ಮುಟ್ಟಿತ್ತು. ಅದಕ್ಕೆ ಮುಂಚೆಯೂ ಮಳೆ ಬಿಟ್ಟಿರಲಿಲ್ಲ. ಬೇಸಿಗೆ ಬೇಗ ತಂಪಾಯಿತು ಎಂದು ಪುಣೆಯಲ್ಲಿ ನಾವು ಖುಷಿಪಟ್ಟ ಅವೇ ದಿನಗಳಲ್ಲಿ ಟಿಕೋಟದ ಬಳ್ಳಿಗಳು ಬಿಸಿಲಿಗಾಗಿ ಕಾಯುತ್ತಿದ್ದವು. ತಮ್ಮ ಅಕ್ಟೋಬರಿನಲ್ಲಿ ಕಂಡ ನಷ್ಟ ಮೇ ತಿಂಗಳಿನಲ್ಲೇ ಆಗಿಹೋಗಿತ್ತು. ಐದು ತಿಂಗಳು ಅದನ್ನು ಕಾಣದೆ ಅವನು ಗೊಬ್ಬರ ಹಾಕಿದ್ದ, ನೀರು ಬಿಟ್ಟಿದ್ದ, ಸಾಲ ಮಾಡಿದ್ದ.

ಮಳೆಯೊಂದನ್ನೇ ದೂರಬೇಡಿ ಎಂದರು ವಹಿನಿ. ಬಳ್ಳಿಗೆ ಎಷ್ಟು ಕಡ್ಡಿ ಬಿಡುತ್ತಾನೆ ನಿಮ್ಮ ತಮ್ಮ ಎಂದು ಕೇಳಿದರು. ಫೋನ್ ಹಚ್ಚಿ ಕೇಳಿದೆ. "ಅರವತ್ತರ ತನಕಾ ಇರ್ತಾವ, ಹೆಚ್ಚಿದ್ರ ಹೆಚ್ಚು ಗೊನಿ ಅಲ್ಲಾ?" ಎಂದ. ವಹಿನಿ ತಲೆಯಾಡಿಸಿದರು. ಮೂವತ್ತೈದು, ಹೆಚ್ಚೆಂದರೆ ನಲವತ್ತು. ಚಿಗುರು ನಾಲ್ಕೈದು ಎಲೆಯಾದಾಗ ಮಿಕ್ಕದ್ದನ್ನು ಕೈಯಿಂದ ಮುರಿದು ತೆಗೆಯಬೇಕು. ಏಳು ಎಲೆಗೆ ತುದಿ ಚಿವುಟಬೇಕು, ಪಕ್ಕದಿಂದ ಬರುವ ಕಡ್ಡಿ ಉಳಿಸಿಕೊಳ್ಳಬೇಕು, ಪ್ರತಿ ಎಲೆಗೂ ಬಿಸಿಲು ತಾಗಬೇಕು. ಉಳಿಸುವುದಕ್ಕಿಂತ ತೆಗೆಯುವುದಕ್ಕೆ ಎದೆ ಬೇಕು ಎಂದರು ಅವರು. ಗಂಡ ತೀರಿದ ಮೊದಲ ವರ್ಷ ಅವರಿಂದಲೂ ಆಗಲಿಲ್ಲವಂತೆ. ಬೆಳೆದದ್ದನ್ನು ಮುರಿಯಲು ಮನಸ್ಸಾಗದೆ ಎಲ್ಲ ಚಿಗುರನ್ನೂ ಬಿಟ್ಟರಂತೆ. ಆ ವರ್ಷ ತೊಟ್ಟಿ ತುಂಬಲಿಲ್ಲ.

ಚಿಗುರಿನ ಓಟ ತಡೆಯಲು ಸುಲಭದ ದಾರಿಯೂ ಒಂದಿತ್ತು. ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕವನ್ನು ಏಪ್ರಿಲ್ ಚಾಟ್ನಿಯ ನಂತರ ಎಲೆಗೆ ಹೊಡೆದರೆ ಚಿಗುರು ಕುಂದಿ ಕಣ್ಣಿಗೆ ಗೊಂಚಲು ಹೆಚ್ಚು ಕಟ್ಟುತ್ತದೆ. ನಮ್ಮ ಮನೆಯಲ್ಲೂ ಆ ಡಬ್ಬಿ ಇದ್ದದ್ದು ನೆನಪಿದೆ. 2010ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಅದರ ಉಳಿಕೆ ಸಿಕ್ಕಿ ಆ ವರ್ಷದ ರಫ್ತು ಬಿದ್ದುಹೋಯಿತು. ಹಣ್ಣಿಗೆ ಯಾರೂ ಹೊಡೆದಿರಲಿಲ್ಲ. ಬೇಸಿಗೆಯಲ್ಲಿ ಹೊಡೆದದ್ದು ಬಳ್ಳಿಯ ಮೈಯಲ್ಲಿ ಉಳಿದು ಮುಂದಿನ ಫೆಬ್ರುವರಿಯ ಕಾಳಿಗೆ ಇಳಿದಿತ್ತು. ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಶುರುವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇಂಥ ಉಳಿಕೆಗಳ ಪರೀಕ್ಷೆಗೆ ಇಡೀ ದೇಶಕ್ಕೆ ಮೇಲ್ಮಟ್ಟದ ಪ್ರಯೋಗಾಲಯ. ಈಗ ಔಷಧಿಯ ಬದಲು ಕೈಯೇ ಆ ಕೆಲಸ ಮಾಡಬೇಕು: ಚಿವುಟುವುದು, ನೀರು ಹಿಡಿಯುವುದು.

ಹತ್ತು ಗಂಟೆಗೆ ಗುಂಪು ಬೇವಿನ ನೆರಳಿಗೆ ಬಂತು. ಭಾಕ್ರಿ, ಠೇಚಾ, ಈರುಳ್ಳಿ. ಅವರ ಮುಕಾದಮನ ಹೆಂಡತಿ ನನ್ನ ಕೈಗೂ ಅರ್ಧ ಭಾಕ್ರಿ ಇಟ್ಟಳು. ಇಲ್ಲಿಂದ ಸೊಲ್ಲಾಪುರ, ಅಲ್ಲಿಂದ ಸಾಂಗಲಿ, ಮಳೆಗೆ ಊರು, ಮತ್ತೆ ಅಕ್ಟೋಬರಿಗೆ ಇದೇ ದಾರಿ ಎಂದಳು. ಅಂಗೈ ತೋರಿಸಿದಳು. ಕತ್ತರಿಯ ಹಿಡಿ ಒತ್ತುವ ಕಡೆ ಚರ್ಮ ಚಪ್ಪಲಿಯ ಹಾಗೆ ಗಟ್ಟಿಯಾಗಿತ್ತು. ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆ. ಅಕ್ಟೋಬರ್ ಚಾಟ್ನಿಯಾದ ಕಣ್ಣುಗಳು ಒಂದೇ ಸಲ ಒಡೆಯಲೆಂದು ಹೈಡ್ರೋಜನ್ ಸೈನಮೈಡನ್ನು ಬಟ್ಟೆಯಲ್ಲಿ ಅದ್ದಿ ಕಡ್ಡಿಕಡ್ಡಿಗೆ ಹಚ್ಚುತ್ತಾರೆ. ಚರ್ಮ ಸುಡುವ ವಿಷ ಅದು. ಅದನ್ನು ಹಚ್ಚಿದ ದಿನ ಹನಿ ಮದ್ಯ ಕುಡಿದರೂ ಮೈ ಕೆಂಪೇರಿ ಜೀವಕ್ಕೆ ಕುತ್ತು. ಈ ತೋಟದಲ್ಲಿ ಕೈಗವಸು ಕೊಡುತ್ತಾರೆ. ಎಲ್ಲ ಕಡೆ ಕೊಡುವುದಿಲ್ಲ ಎಂದಳು. ಕೈಗವಸು ಕೊಡುವುದು ಆಗಲೇಬೇಕಾದ ಕೆಲಸ. ಒಂದು ಜೊತೆ ಕೈಗವಸಿನ ಬೆಲೆ ಯಾವ ತೋಟಗಾರನಿಗೂ ಹೊರೆಯಲ್ಲ. ತಮ್ಮನಿಗೂ ಅಂದೇ ಹೇಳಿದೆ.

ಗುಂಪಿನ ಹಿಂದೆ ವಹಿನಿಯ ಅತ್ತೆ ಬಕೆಟ್ಟು, ಬ್ರಷ್ಷು ಹಿಡಿದು ಬರುತ್ತಿದ್ದರು. ಎಪ್ಪತ್ತು ದಾಟಿದ ಜೀವ, ಕೊರಳಲ್ಲಿ ತುಳಸಿಮಣಿ. ಕಾಂಡದ ಸಡಿಲ ತೊಗಟೆ ಕೆರೆದು, ಮೈಲುತುತ್ತ ಸುಣ್ಣದ ನೀಲಿ ಗಂಜಿ ಬಳಿಯುವುದು ಅವರ ಪಾಲಿನ ಕೆಲಸ. ತೊಗಟೆಯ ಸಂದಿಯಲ್ಲಿ ಹಿಟ್ಟು ತಿಗಣೆ ಅಡಗಿರುತ್ತದೆ. ಆ ನೀಲಿ ನೋಡಿದ ಕೂಡಲೆ ನನಗೆ ಶಿರಸಿಯ ಗೆಳತಿಯ ಅಡಿಕೆ ತೋಟ ನೆನಪಾಯಿತು. ಮೈಲುತುತ್ತ ಸುಣ್ಣದ ಈ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. 1880ರ ದಶಕದಲ್ಲಿ, ದಾರಿಹೋಕರು ಹಣ್ಣು ಕೀಳದಿರಲೆಂದು ಬಳಿದ ನೀಲಿ ಬಣ್ಣ ಬೂಜು ರೋಗವನ್ನೂ ತಡೆಯುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ಮಲೆನಾಡಿನ ಅಡಿಕೆ ಮರಕ್ಕೂ ಈ ಅಜ್ಜಿಯ ಬಕೆಟ್ಟಿಗೂ ಹೀಗೊಂದು ನಂಟು.

ಅಜ್ಜಿ ಈ ಮನೆಯ ವೈನನ್ನು ಒಂದು ಹನಿ ಬಾಯಿಗೆ ಹಾಕಿದವರಲ್ಲ. ಆಷಾಢ ಏಕಾದಶಿಗೆ ಆಳಂದಿಯಿಂದ ಪಂಢರಪುರಕ್ಕೆ ನಡೆಯುವವರು. ನಾನು ಕನ್ನಡದವಳೆಂದು ತಿಳಿದಾಗ "ನಮ್ಮ ವಿಠೋಬ ನಿಮ್ಮವನೇ" ಎಂದು ನನ್ನ ಕೈ ಹಿಡಿದರು. ಮೊಮ್ಮಗಳು ವೈನ್ ಮಾಡುವುದು ನಿಮಗೆ ಒಪ್ಪಿಗೆಯೇ ಎಂದು ಕೇಳಿದೆ. ಬಳ್ಳಿಯ ಕೆಲಸ ಎಲ್ಲಕ್ಕೂ ಒಂದೇ ಮಗಾ, ತಿನ್ನುವ ಹಣ್ಣಾಗಲಿ ಕುಡಿಯುವ ಹಣ್ಣಾಗಲಿ ಬುಡಕ್ಕೆ ನೀಲಿ ಬಳಿಯಲೇಬೇಕು ಎಂದರು.

ವೈನರಿ ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಗಡಿನ ಮಾಡು, ದಪ್ಪ ಗೋಡೆ, ಐದು ಉಕ್ಕಿನ ತೊಟ್ಟಿಗಳು, ಹತ್ತು ಹನ್ನೆರಡು ಓಕ್ ಪೀಪಾಯಿ. ಏಪ್ರಿಲ್‌ನಲ್ಲಿ ಅಲ್ಲಿ ಗದ್ದಲವಿಲ್ಲ. ಹುದುಗು ಇಳಿದಿದೆ, ಗಸಿ ತಳಕ್ಕೆ ಕೂತಿದೆ, ಮೇಲಿನ ತಿಳಿಯನ್ನು ಬೇರೆ ತೊಟ್ಟಿಗೆ ಸಾಗಿಸುತ್ತಾರೆ. ಹಿಂಡಿದ ಸಿಪ್ಪೆ ಬೀಜ ಕೊಳೆತು ಗೊಬ್ಬರವಾಗಿ ಅದೇ ಸಾಲುಗಳಿಗೆ ಹೋಗುತ್ತದೆ. ಕಿಲೋ ಹಣ್ಣಿಗೆ 600ರಿಂದ 700 ಮಿಲಿಲೀಟರ್ ವೈನು. ಶಿರಾಜ್‌ನ ಒಂದು ಲೋಟ ಕೊಟ್ಟರು. ಕಡುಗೆಂಪು, ನೇರಳೆಹಣ್ಣಿನ ಒಗರು. ಎರಡು ಗುಟುಕು ಕುಡಿದೆ. ಚೆನ್ನಾಗಿತ್ತು.

ತಮ್ಮನ ಪ್ರಶ್ನೆ ಮಾತ್ರ ಉಳಿದಿತ್ತು. ವಹಿನಿ ಅದಕ್ಕೆ ಅವಸರದ ಉತ್ತರ ಕೊಡಲಿಲ್ಲ. ತಿನ್ನುವ ದ್ರಾಕ್ಷಿ ಎಕರೆಗೆ ಹತ್ತು ಹನ್ನೆರಡು ಟನ್ ಬರುತ್ತದೆ. ವೈನಿಗೆ ನಾಲ್ಕೈದಕ್ಕೇ ತಡೆಯುತ್ತಾರೆ, ಕಾಳು ಸಣ್ಣದಿದ್ದಷ್ಟೂ ಬಣ್ಣ ರುಚಿ ಗಾಢ. ಜಿಬ್ಬರೆಲಿಕ್ ಆಮ್ಲದಲ್ಲಿ ಗೊಂಚಲು ಅದ್ದಿ ಕಾಳು ಹಿಗ್ಗಿಸುವ ಖರ್ಚು ಇಲ್ಲ, ಅದು ನಿಜ. ಆದರೆ ಥಾಮ್ಸನ್‌ಗೆ ಪೇಟೆಯಲ್ಲಿ ದರ ಬೀಳಲಿ, ಒಣಗಿಸಿ ಮಣೂಕ ಮಾಡಿ ತಾಸಗಾವ್‌ಗೆ ಕಳಿಸಬಹುದು. ಬೀಜ ತುಂಬಿದ ಶಿರಾಜನ್ನು ಯಾರು ತಿನ್ನುತ್ತಾರೆ, ಯಾರು ಒಣಗಿಸುತ್ತಾರೆ? ವೈನರಿ ಕೊಂಡರೆ ಉಂಟು, ಇಲ್ಲದಿದ್ದರೆ ಬಳ್ಳಿಯಲ್ಲೇ ಕೊಳೆಯಬೇಕು. ಅವರ ತಮ್ಮ ಬೇರೊಂದು ತಾಲೂಕಿನಲ್ಲಿ ಒಪ್ಪಂದ ನಂಬಿ ನಾಲ್ಕು ಎಕರೆ ಹಾಕಿದ್ದರಂತೆ. 2008ರ ಹಿಂಜರಿತದ ನಂತರ ಕೊಳ್ಳುವವರು ಕೈಯೆತ್ತಿದರು. ಹಳೆಯ ಬಾಕಿಯೂ ಬರಲಿಲ್ಲ. ಕೊನೆಗೆ ಬಳ್ಳಿ ಕಿತ್ತು ಕಬ್ಬು ಹಾಕಿದರು. ವಹಿನಿ ತಮ್ಮದೇ ತೊಟ್ಟಿ ಇಟ್ಟುಕೊಂಡದ್ದು ಅದನ್ನು ನೋಡಿದ ಮೇಲೆ. "ಮೊದಲು ಹಣ್ಣು ಕೊಳ್ಳುವವನನ್ನು ಹುಡುಕಲಿ, ಆಮೇಲೆ ಗುಂಡಿ ತೋಡಲಿ. ಅದಕ್ಕೂ ಮೊದಲು ಇರುವ ಬಳ್ಳಿಯ ಕಡ್ಡಿ ಎಣಿಸಲಿ" ಎಂದರು.

ಸಂಜೆ ಹೊರಡುವಾಗ ಸಾಲುಗಳ ಉದ್ದಕ್ಕೂ ನೀಲಿ ಕಾಂಡಗಳು, ಬೋಳು ತೋಳುಗಳು. ಕತ್ತಲಾಗುವ ಮುನ್ನ ರಸ್ತೆಗೆ ಮುಟ್ಟಿಬಿಡಿ, ಕಬ್ಬಿನಲ್ಲಿ ಚಿರತೆ ಇರುತ್ತದೆ ಎಂದು ಅಜ್ಜಿ ಬಾಗಿಲ ತನಕ ಬಂದು ಹೇಳಿದರು.

ಟಿಕೋಟದಲ್ಲಿ ಏಪ್ರಿಲ್ 14ಕ್ಕೆ ಚಾಟ್ನಿ ಮುಗಿಯಿತು. ಮೇ ಮೊದಲ ವಾರ ನಾನೂ ಹೋಗಿದ್ದೆ. ತಮ್ಮನೂ ನಾನೂ ಮೂರು ದಿನ ಸಾಲು ಸಾಲು ತಿರುಗಿ ಕೈಯಿಂದ ಚಿಗುರು ಮುರಿದೆವು. ಈಗ ಬಳ್ಳಿಗೆ ಮೂವತ್ತೆಂಟು ಕಡ್ಡಿ ಇವೆ.